ಸಂಜೆ ನಾಲ್ಕೂವರೆಯ ಹಸಿವಿಗೆ ಬ್ಯಾಗಿನಲ್ಲಿ ಏನಿರಬೇಕು?

ನಾನು ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವಳು. ಬೆಳಿಗ್ಗೆ ಮನೆ ಬಿಟ್ಟರೆ ವಾಪಸ್ ಬರುವಾಗ ರಾತ್ರಿ ಎಂಟು ದಾಟಿರುತ್ತದೆ. ಮಧ್ಯಾಹ್ನ ಒಂದಕ್ಕೆ ಊಟ, ರಾತ್ರಿ ಒಂಬತ್ತಕ್ಕೆ ಊಟ. ನಡುವೆ ಎಂಟು ಗಂಟೆ ಖಾಲಿ. ಸರಿಯಾಗಿ ನಾಲ್ಕೂವರೆ ಹೊತ್ತಿಗೆ ಹೊಟ್ಟೆ ಚುರುಗುಟ್ಟಲು ಶುರುವಾಗುತ್ತದೆ. ನಮ್ಮದು ಲೆಕ್ಕಪತ್ರದ ಕೆಲಸ. ಮಾರ್ಚ್ ತಿಂಗಳಲ್ಲಂತೂ ಕುರ್ಚಿ ಬಿಟ್ಟು ಏಳುವುದಕ್ಕೂ ಪುರುಸೊತ್ತಿರುವುದಿಲ್ಲ. ಆ ಹೊತ್ತಿಗೆ ಕೈಗೆ ಏನು ಸಿಗುತ್ತದೋ ಅದೇ ಬಾಯಿಗೆ ಹೋಗುತ್ತದೆ. ವರ್ಷಗಟ್ಟಲೆ ನನ್ನ ಕೈಗೆ ಸಿಕ್ಕಿದ್ದು ಬಿಸ್ಕತ್ತು, ಪಫ್ಸು, ಸಕ್ಕರೆ ಜಾಸ್ತಿ ಹಾಕಿದ ಟೀ.

ಮೂರು ವರ್ಷದ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಗಡಿಗೆ ಬಂದು ನಿಂತಿತ್ತು. ಡಾಕ್ಟರು ನನ್ನ ಊಟದ ವಿವರ ಎಲ್ಲ ಕೇಳಿ, "ಊಟ ಸರಿಯಾಗೇ ಇದೆ ಕಣಮ್ಮ, ನಡುನಡುವೆ ಏನು ತಿಂತೀಯ ಅದನ್ನ ನೋಡ್ಕೋ" ಅಂದರು. ಅವತ್ತಿನಿಂದ ನೋಡಿಕೊಳ್ಳುತ್ತಿದ್ದೇನೆ. ಅಡುಗೆಮನೆಗೆ ಒಂದು ಚಿಕ್ಕ ತಕ್ಕಡಿ ತಂದೆ. ಪೊಟ್ಟಣಗಳ ಹಿಂಭಾಗ ಓದುವುದನ್ನು ಕಲಿತೆ. ಯಾವುದನ್ನು ತಿಂದರೆ ಎಷ್ಟು ಹೊತ್ತು ತಡೆಯುತ್ತದೆ ಅಂತ ಗಮನಿಸಿದೆ. ಇಲ್ಲಿ ಬರೆದಿರುವುದು ಆ ಲೆಕ್ಕ.

ಮೊದಲೇ ಒಂದು ಮಾತು. ಎಲ್ಲಕ್ಕಿಂತ ಒಳ್ಳೆಯ ತಿಂಡಿ ಯಾವುದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಅದರ ಬದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಮುಂದಿನ ಊಟಕ್ಕೆ ಇನ್ನೂ ಎಷ್ಟು ಹೊತ್ತಿದೆ? ತಿನ್ನುವಾಗ ಕೈ ಖಾಲಿ ಇರುತ್ತದಾ, ಇಲ್ಲ ಒಂದು ಕೈ ಕೀಬೋರ್ಡ್ ಮೇಲೋ, ಬಸ್ಸಿನ ಕಂಬಿಯ ಮೇಲೋ ಇರುತ್ತದಾ? ಈ ಎರಡಕ್ಕೆ ಉತ್ತರ ಗೊತ್ತಾದರೆ ಅರ್ಧ ತಿಂಡಿಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ. ಇನ್ನೊಂದು, ಇದನ್ನೆಲ್ಲ ಬೆಳಿಗ್ಗೆ ಮನೆ ಬಿಡುವ ಮುಂಚೆಯೇ ತೀರ್ಮಾನ ಮಾಡಿ. ಹಸಿದ ಮೇಲೆ ಆರಿಸಲು ಹೊರಟರೆ ಬೋಂಡಾದ ಪರಿಮಳವೇ ಗೆಲ್ಲುತ್ತದೆ.

ಬಿಸ್ಕತ್ತೋ, ಹುರಿಗಡಲೆಯೋ, ಕಡ್ಲೆಬೀಜವೋ

ಈ ಮೂರೂ ಕೆಡುವುದಿಲ್ಲ, ಒಂದೇ ಕೈಯಲ್ಲಿ ತಿನ್ನಬಹುದು, ಎಲ್ಲ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ. ಹಾಗಾಗಿ ನಿಜವಾದ ಪೈಪೋಟಿ ಇವುಗಳ ನಡುವೆಯೇ.

ನಾಲ್ಕು ಮಾರಿ ಬಿಸ್ಕತ್ತು ತಿಂದರೆ ಸುಮಾರು 100 ಕ್ಯಾಲೊರಿ. ಪ್ರೋಟೀನ್ 2 ಗ್ರಾಂ ಕೂಡ ಇರುವುದಿಲ್ಲ. ಉಳಿದದ್ದು ಮೈದಾ, ಸಕ್ಕರೆ, ಒಂದಿಷ್ಟು ಎಣ್ಣೆ. ಮೈದಾ, ಸಕ್ಕರೆ ಎರಡೂ ಬೇಗ ಕರಗಿ ರಕ್ತಕ್ಕೆ ಸೇರುತ್ತವೆ. ತಿಂದ ತಕ್ಷಣ ಹಾಯೆನಿಸುತ್ತದೆ, ಒಂದು ಗಂಟೆಯೊಳಗೆ ಮತ್ತೆ ಏನಾದರೂ ಬೇಕು ಅನಿಸುತ್ತದೆ. ಕ್ರೀಮ್ ಬಿಸ್ಕತ್ತಾದರೆ ತೂಕದಲ್ಲಿ ಮೂರನೇ ಒಂದು ಭಾಗದಷ್ಟು ಸಕ್ಕರೆಯೇ ಇರುವುದು ಸಾಮಾನ್ಯ.

ನನ್ನ ಮುಷ್ಟಿಗೆ ಹುರಿಗಡಲೆ ಸುಮಾರು 30 ಗ್ರಾಂ ಹಿಡಿಯುತ್ತದೆ. ಅದರಲ್ಲಿ 110 ಕ್ಯಾಲೊರಿ ಆಸುಪಾಸು, ಹೆಚ್ಚುಕಡಿಮೆ ಬಿಸ್ಕತ್ತಿನಷ್ಟೇ. ಆದರೆ ಪ್ರೋಟೀನ್ ಸುಮಾರು 6 ಗ್ರಾಂ, ಅಂದರೆ ಒಂದು ಮೊಟ್ಟೆಯಲ್ಲಿ ಇರುವಷ್ಟು. ಜೊತೆಗೆ ನಾರು ಬೇರೆ. ಎಣ್ಣೆ ಹಾಕಿಲ್ಲ, ಸಕ್ಕರೆ ಹಾಕಿಲ್ಲ. ಅಗಿಯುವುದಕ್ಕೇ ಐದು ನಿಮಿಷ ಬೇಕು. ಈ ಅಗಿಯುವ ಹೊತ್ತು ಸಣ್ಣ ವಿಷಯ ಅಲ್ಲ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ತಲೆಗೆ ಮುಟ್ಟಲು ಸಮಯ ಬೇಕು, ಬಿಸ್ಕತ್ತು ಆ ಸಮಯ ಕೊಡುವುದೇ ಇಲ್ಲ. ಸಿಪ್ಪೆ ಸಮೇತ ಹುರಿದ ಕಡಲೆ ಸಿಕ್ಕರೆ ಇನ್ನೂ ಒಳ್ಳೆಯದು, ನಾರು ಜಾಸ್ತಿ. ಆದರೆ ಟೀ ಜೊತೆ ಗಂಟಲು ಒಣಗುತ್ತದೆ ಅಂತ ಕೆಲವರಿಗೆ ಇಷ್ಟವಾಗುವುದಿಲ್ಲ.

ಕಡ್ಲೆಬೀಜದ ಕಥೆ ಬೇರೆ. ನಮ್ಮಮ್ಮನ ಊರು ಪಾವಗಡದ ಕಡೆ. ಮಳೆ ಕಡಿಮೆ, ಹೊಲ ತುಂಬ ಕಡ್ಲೆಕಾಯಿ. ಅಲ್ಲಿ ಮಧ್ಯಾಹ್ನದ ಮೇಲೆ ಹಸಿವಾದರೆ ಹುರಿದ ಕಡ್ಲೆಕಾಯಿ, ಒಂದು ಚೂರು ಬೆಲ್ಲ. ಅಷ್ಟು ತಿಂದು ಕಳೆ ಕೀಳಲು ಹೋದರೆ ಕತ್ತಲಾಗುವ ತನಕ ಮತ್ತೇನೂ ಬೇಡ. ಒಂದು ಮುಷ್ಟಿ ಬೀಜದಲ್ಲಿ 170 ಕ್ಯಾಲೊರಿ, ಪ್ರೋಟೀನ್ 7 ಗ್ರಾಂಗಿಂತ ಸ್ವಲ್ಪ ಜಾಸ್ತಿ. ಅರ್ಧದಷ್ಟು ತೂಕ ಕೊಬ್ಬೇ. ಅದು ಒಳ್ಳೆಯ ಕೊಬ್ಬು, ನಿಧಾನ ಕರಗುತ್ತದೆ, ಹಾಗಾಗಿ ಮೂರು ಗಂಟೆ ಆರಾಮಾಗಿ ತಡೆಯುತ್ತದೆ. ಆದರೆ ಹೊಲದಲ್ಲಿ ಬಗ್ಗಿ ದುಡಿಯುವವರು ತಿಂದಷ್ಟನ್ನು ಕುರ್ಚಿಯಲ್ಲಿ ಕೂತವರು ತಿನ್ನುವ ಹಾಗಿಲ್ಲ. ಡಬ್ಬಿ ಮುಂದಿಟ್ಟುಕೊಂಡು ಫೈಲು ನೋಡುತ್ತಾ ಕೂತರೆ ಮೂರು ಮುಷ್ಟಿ ಹೋಗಿದ್ದೂ ಗೊತ್ತಾಗುವುದಿಲ್ಲ. ಮೂರು ಮುಷ್ಟಿ ಅಂದರೆ 500 ಕ್ಯಾಲೊರಿ, ಒಂದು ಊಟದ ಲೆಕ್ಕ.

ಅದಕ್ಕೆ ನಾನು ಎರಡು ಪಾಲು ಹುರಿಗಡಲೆಗೆ ಒಂದು ಪಾಲು ಹುರಿದ ಕಡ್ಲೆಬೀಜ ಬೆರೆಸುತ್ತೇನೆ. ಕಡಲೆಯ ಒಣ ರುಚಿಗೆ ಬೀಜದ ಜಿಡ್ಡು ಸೇರಿ ತಿನ್ನಲು ಹಿತ. ಭಾನುವಾರ ರಾತ್ರಿ ಆರು ಚಿಕ್ಕ ಡಬ್ಬಿಗೆ ಒಂದೂವರೆ ಮುಷ್ಟಿಯಂತೆ ತುಂಬಿಡುತ್ತೇನೆ. ಡಬ್ಬಿ ಚಿಕ್ಕದಾಗಿರಬೇಕು. ದೊಡ್ಡ ಡಬ್ಬಿಯಲ್ಲಿ ಕಾಲು ಭಾಗ ತುಂಬಿದರೆ ಮನಸ್ಸಿಗೆ ಕಡಿಮೆ ಅನಿಸಿ, ಮಾರನೆಯ ದಿನ ಅರ್ಧ ತುಂಬಿಸುತ್ತೇವೆ.

ಕಡ್ಲೆಬೀಜದಲ್ಲಿ ಒಂದು ಎಚ್ಚರ. ಮುಗ್ಗಿದ್ದು, ಕಪ್ಪು ಚುಕ್ಕೆ ಬಿದ್ದದ್ದು, ಕಹಿ ಬಂದದ್ದು ಬಾಯಿಗೆ ಸಿಕ್ಕರೆ ಉಗಿದುಬಿಡಿ, ನುಂಗಬೇಡಿ. ತೇವದಲ್ಲಿಟ್ಟ ಬೀಜಕ್ಕೆ ಹಿಡಿಯುವ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರುತ್ತದೆ, ಅದು ಲಿವರಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಚಿಕ್ಕ ಮಕ್ಕಳಿಗೆ ಇಡೀ ಬೀಜ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕಡ್ಲೆಬೀಜ ಮೈಗೆ ಆಗದವರೂ ಇರುತ್ತಾರೆ. ಆಫೀಸಿನಲ್ಲಿ ಹಂಚುವ ಮೊದಲು ಒಂದು ಮಾತು ಕೇಳುವುದು ಒಳ್ಳೆಯದು.

ಕಾಂಗ್ರೆಸ್ ಕಡ್ಲೆಬೀಜ ನನಗೆ ಬಹಳ ಇಷ್ಟ. ಅರ್ಧ ಹೋಳು, ಕರಿಬೇವು, ಮೆಣಸು, ಇಂಗು, ಬಾಯಿಗೆ ಹಾಕಿದರೆ ನಿಲ್ಲಿಸಲು ಆಗುವುದಿಲ್ಲ. ಉಪ್ಪು ಜಾಸ್ತಿ ಇರುವುದರಿಂದ ಬಿಪಿ ಇರುವವರು ಅದನ್ನು ದಿನದ ತಿಂಡಿ ಮಾಡಿಕೊಳ್ಳಬಾರದು. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮಸಾಲೆ ಕಡ್ಲೆಬೀಜಕ್ಕಿಂತ ಮಾತ್ರ ಇದೇ ವಾಸಿ.

ಕಡ್ಲೆಪುರಿ ಮತ್ತು ಅವಲಕ್ಕಿ

ನಾವು ಕಡ್ಲೆಪುರಿ ಅನ್ನುವುದನ್ನು ದಾವಣಗೆರೆಯವರು ಮಂಡಕ್ಕಿ ಅನ್ನುತ್ತಾರೆ, ಧಾರವಾಡದ ಕಡೆ ಚುರುಮುರಿ. ಹೆಸರು ಏನೇ ಇರಲಿ, ತೂಕ ಇಲ್ಲ. 30 ಗ್ರಾಂ ಹಾಕಿದರೆ ಎರಡು ದೊಡ್ಡ ಲೋಟ ತುಂಬುತ್ತದೆ. ಕ್ಯಾಲೊರಿ 110 ಆಸುಪಾಸು, ಪ್ರೋಟೀನ್ ಬರೀ 2 ಗ್ರಾಂ. ತಿಂದ ಹಾಗೂ ಆಗಬೇಕು, ಹೊಟ್ಟೆ ಭಾರವೂ ಆಗಬಾರದು ಅನ್ನುವವರಿಗೆ ಸರಿ. ಆದರೆ ಒಂಟಿಯಾಗಿ ತಿಂದರೆ ಅಕ್ಕಿಯೇ ತಾನೆ, ಬೇಗ ಇಳಿದುಹೋಗುತ್ತದೆ.

ಹುಬ್ಬಳ್ಳಿಯಲ್ಲಿ ಗಿರ್ಮಿಟ್ ತಿಂದಾಗ ನನಗೆ ಒಂದು ವಿಷಯ ಹೊಳೆಯಿತು. ಈರುಳ್ಳಿ, ಟೊಮೆಟೊ, ಹುಣಸೆಹಣ್ಣು ಹಾಕಿ ಬೇಯಿಸಿದ ಗೊಜ್ಜಿಗೆ ಚುರುಮುರಿ ಬೆರೆಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ಕೊಡುತ್ತಾರೆ. ಪುಟಾಣಿ ಅಂದರೆ ನಮ್ಮ ಹುರಿಗಡಲೆಯೇ. ಆ ಹಿಟ್ಟು ರುಚಿಯನ್ನೂ ಕಟ್ಟುತ್ತದೆ, ಹೊಟ್ಟೆಯನ್ನೂ ಹಿಡಿಯುತ್ತದೆ. ಅಂದಿನಿಂದ ಕಡ್ಲೆಪುರಿಗೆ ಎರಡು ಚಮಚ ಹುರಿಗಡಲೆ ಪುಡಿ, ಒಂದಿಷ್ಟು ಕಡ್ಲೆಬೀಜ ಸೇರಿಸದೆ ನಾನು ತಿನ್ನುವುದಿಲ್ಲ. ಗಿರ್ಮಿಟ್ ಜೊತೆ ಕೊಡುವ ಮೆಣಸಿನಕಾಯಿ ಬಜ್ಜಿ ಮಾತ್ರ ದಿನಾ ಬೇಡ.

ಆಫೀಸಿನಲ್ಲಿ ಇದಕ್ಕೆ ತೊಡಕು ಒಂದೇ. ಸೌತೆಕಾಯಿ, ಟೊಮೆಟೊ ಹೆಚ್ಚಿ ಬೆರೆಸಿದ ಹತ್ತು ನಿಮಿಷಕ್ಕೆ ಪುರಿ ಮೆತ್ತಗಾಗುತ್ತದೆ. ತರಕಾರಿ ಬೇರೆ ಡಬ್ಬಿಯಲ್ಲಿ ಒಯ್ದು, ತಿನ್ನುವಾಗ ಬೆರೆಸಿ, ನಿಂಬೆಹಣ್ಣು ಹಿಂಡಬೇಕು. ಎರಡು ಕೈ, ಒಂದು ಚಮಚ, ಒಂದು ಮೇಜು ಬೇಕು. ರೈಲಿನಲ್ಲಿ ನಿಂತು ಹೋಗುವವರಿಗೆ ಆಗದ ಕೆಲಸ.

ಅವಲಕ್ಕಿ ಇದಕ್ಕಿಂತ ಗಟ್ಟಿ. ಪೇಪರ್ ಅವಲಕ್ಕಿಯನ್ನು ಬಾಣಲೆಯಲ್ಲಿ ಬರೀ ಹುರಿದು, ಎರಡೇ ಚಮಚ ಎಣ್ಣೆಯ ಒಗ್ಗರಣೆಗೆ ಹುರಿಗಡಲೆ, ಕಡ್ಲೆಬೀಜ, ಕೊಬ್ಬರಿ ಚೂರು, ಕರಿಬೇವು ಹಾಕಿ ಕಲಸಿಟ್ಟರೆ ಹದಿನೈದು ದಿನ ಗರಿಗರಿಯಾಗೇ ಇರುತ್ತದೆ. ಅಂಗಡಿಯ ಅವಲಕ್ಕಿ ಮಿಕ್ಸ್‌ಚರ್ ನೋಡಲು ಹೀಗೇ ಇರುತ್ತದೆ, ಆದರೆ ಬಹುಪಾಲು ಅಂಗಡಿಗಳಲ್ಲಿ ಅವಲಕ್ಕಿಯನ್ನು ಎಣ್ಣೆಯಲ್ಲಿ ಕರಿದಿರುತ್ತಾರೆ. ಕೊಳ್ಳುವ ಮುಂಚೆ ನಾಲ್ಕು ಕಾಳು ಬೆರಳಲ್ಲಿ ತಿಕ್ಕಿ ನೋಡಿ. ಬೆರಳು ಮಿನುಗಿದರೆ ಕರಿದದ್ದು.

ಉಸ್ಲಿ ಒಯ್ಯುವವರಿಗೆ

ಬರೀ ಸತ್ವ ನೋಡಿದರೆ ಈ ಬರಹದಲ್ಲಿರುವ ಎಲ್ಲಕ್ಕಿಂತ ಉಸ್ಲಿಯೇ ಮೇಲು. ಕಡಲೆಕಾಳು, ಹೆಸರುಕಾಳು, ಅಲಸಂದೆ, ಯಾವುದಾದರೂ ಸರಿ. ಬೆಂದ ಕಡಲೆಕಾಳು ಒಂದು ಚಿಕ್ಕ ಬಟ್ಟಲು, ಅಂದರೆ 100 ಗ್ರಾಂ, ತಿಂದರೆ ಪ್ರೋಟೀನ್ 8 ಗ್ರಾಂನಷ್ಟು. ನಾರು ಜಾಸ್ತಿ, ನೀರಿನ ಅಂಶವೂ ಇದೆ, ಹೊಟ್ಟೆ ತುಂಬಿ ನಿಲ್ಲುತ್ತದೆ. ನಿಂಬೆರಸ ಹಿಂಡಿದರೆ ಕಾಳಿನಲ್ಲಿರುವ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ಆದರೂ ಅದು ನನ್ನ ಮೊದಲ ಆಯ್ಕೆ ಅಲ್ಲ. ಕಾರಣ ಹೇಳುತ್ತೇನೆ. ಒಂದು ಏಪ್ರಿಲ್‌ನಲ್ಲಿ ಬೆಳಿಗ್ಗೆ ಆರಕ್ಕೆ ಹೆಸರುಕಾಳಿನ ಉಸ್ಲಿ ಮಾಡಿ, ಹಸಿ ತೆಂಗಿನತುರಿ ಹಾಕಿ, ಬಿಸಿ ಆರುವ ಮೊದಲೇ ಡಬ್ಬಿ ಮುಚ್ಚಿ ಒಯ್ದಿದ್ದೆ. ಸಂಜೆ ಮುಚ್ಚಳ ತೆಗೆದಾಗ ಒಳಗಡೆ ಹನಿ ಕಟ್ಟಿತ್ತು. ಚಮಚ ಎತ್ತಿದರೆ ಕಾಳಿನ ಜೊತೆ ಸಣ್ಣ ನೂಲು ಎದ್ದು ಬಂತು. ಹುಳಿ ವಾಸನೆ. ಹಳಸಿಹೋಗಿತ್ತು, ಪೂರ್ತಿ ಚೆಲ್ಲಬೇಕಾಯಿತು. ಅವತ್ತು ಕ್ಯಾಂಟೀನಿನ ಎರಡು ಬೋಂಡಾ ತಿಂದೆ.

ಉಸ್ಲಿಯಲ್ಲಿ ಮೊದಲು ಹಳಸುವುದು ತೆಂಗಿನಕಾಯಿ. ಅದನ್ನು ಬಿಟ್ಟುಬಿಡಿ, ಇಲ್ಲವೇ ಒಣಕೊಬ್ಬರಿ ಹಾಕಿ. ಕಾಳನ್ನು ನೀರು ಪೂರ್ತಿ ಬಸಿದು, ತಟ್ಟೆಯಲ್ಲಿ ಹರಡಿ ಆರಿಸಿ ಆಮೇಲೆ ತುಂಬಿಸಿ. ಈರುಳ್ಳಿ, ಸೌತೆಕಾಯಿ ಬೆಳಿಗ್ಗೆಯೇ ಬೆರೆಸಬೇಡಿ. ಇಷ್ಟು ಮಾಡಿದರೂ ಬೇಸಿಗೆಯಲ್ಲಿ ಸಂಜೆವರೆಗೆ ಇಡುವುದನ್ನು ನಾನು ಹೇಳಲಾರೆ. ಹನ್ನೊಂದು ಗಂಟೆಯ ಹಸಿವಿಗೆ ಇಟ್ಟುಕೊಳ್ಳಿ. ಆಫೀಸಿನಲ್ಲಿ ಫ್ರಿಜ್ ಇದ್ದರೆ ಚಿಂತೆ ಇಲ್ಲ, ಆಗ ಉಸ್ಲಿಯನ್ನೇ ಆರಿಸಿ, ಎರಡನೇ ಯೋಚನೆ ಬೇಡ.

ಮೊಳಕೆಕಾಳನ್ನು ಹಸಿಯಾಗಿ ತಿನ್ನುವುದು ಈಗ ಜಾಸ್ತಿಯಾಗಿದೆ. ಮೊಳಕೆ ಬಂದಾಗ ವಿಟಮಿನ್ ಸಿ ಹೆಚ್ಚುತ್ತದೆ, ನಿಜ. ಆದರೆ ಮೊಳಕೆ ಬರಲು ಬೇಕಾದ ಬೆಚ್ಚಗಿನ ತೇವದಲ್ಲೇ ಬ್ಯಾಕ್ಟೀರಿಯಾ ಕೂಡ ಬೆಳೆಯುತ್ತವೆ. ಐದು ನಿಮಿಷ ಹಬೆಯಲ್ಲಿ ಬೇಯಿಸಿ ಒಗ್ಗರಣೆ ಹಾಕಿದರೆ ರುಚಿಯೂ ಸರಿ, ಹೊಟ್ಟೆಗೂ ಸರಿ. ಬಸುರಿಯರು, ವಯಸ್ಸಾದವರು ಹಸಿ ಮೊಳಕೆ ಮುಟ್ಟದಿರುವುದೇ ಒಳ್ಳೆಯದು.

ಬೇಯಿಸಿದ ಮೊಟ್ಟೆಯೂ ಇದೇ ಸಾಲಿನದು. ಒಂದರಲ್ಲಿ 6 ಗ್ರಾಂ ಪ್ರೋಟೀನ್, 70–80 ಕ್ಯಾಲೊರಿ. ಸಿಪ್ಪೆ ಸುಲಿಯದೆ ಒಯ್ಯಿರಿ. ಅದೂ ಬೆಳಗಿನ ಹೊತ್ತಿಗೆ, ಸಂಜೆಗಲ್ಲ.

ಚಿಕ್ಕಿ, ಉಂಡೆ, ಪ್ರೋಟೀನ್ ಬಾರ್

ಸಿಹಿ ಬೇಕೇ ಬೇಕು ಅನ್ನುವ ದಿನಗಳು ಇರುತ್ತವೆ ಅಲ್ವಾ? ನನಗೆ ತಿಂಗಳಿಗೆ ನಾಲ್ಕೈದು ದಿನ ಹಾಗಾಗುತ್ತದೆ.

ಕಡ್ಲೆಬೀಜದ ಚಿಕ್ಕಿ ಸುಮಾರು 30 ಗ್ರಾಂ ತುಂಡಿಗೆ 150 ಕ್ಯಾಲೊರಿ. ಅರ್ಧಕ್ಕೆ ಹತ್ತಿರ ಬೆಲ್ಲ. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಅಂತ ನಂಬಿ ಮೂರು ತಿನ್ನುವವರನ್ನು ನೋಡಿದ್ದೇನೆ. ಕ್ಯಾಲೊರಿಯಲ್ಲಿ, ರಕ್ತದ ಸಕ್ಕರೆ ಏರಿಸುವುದರಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಹೊರಗಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಬಹಳ ಒಳ್ಳೆಯದು. ಆ ಲೆಕ್ಕದಲ್ಲಿ ಬೆಲ್ಲವೂ ಬರುತ್ತದೆ, ಜೇನುತುಪ್ಪವೂ ಬರುತ್ತದೆ. ಒಂದು ಚಿಕ್ಕಿಗೇ ಅರ್ಧ ಲೆಕ್ಕ ಮುಗಿಯಿತು. ಆದರೂ ಒಂದು ಚಾಕೊಲೇಟಿಗೆ ಹೋಲಿಸಿದರೆ ಚಿಕ್ಕಿಯನ್ನೇ ಆರಿಸುತ್ತೇನೆ, ಉಳಿದರ್ಧ ಕಡ್ಲೆಬೀಜ ಆದದ್ದರಿಂದ.

ಪ್ರೋಟೀನ್ ಬಾರ್‌ನಲ್ಲಿ 10ರಿಂದ 20 ಗ್ರಾಂ ಪ್ರೋಟೀನ್ ಇರುತ್ತದೆ. ಜಿಮ್ ಮುಗಿಸಿ ನೇರ ಕೆಲಸಕ್ಕೆ ಹೋಗುವವರಿಗೆ, ಊಟವೇ ತಪ್ಪಿಹೋಗುವವರಿಗೆ ಅದು ನಿಜಕ್ಕೂ ಉಪಯೋಗ. ಕೂತು ಕೆಲಸ ಮಾಡುವವರ ನಾಲ್ಕೂವರೆ ಹಸಿವಿಗೆ ಅಷ್ಟು ಬೆಲೆ ತೆರುವ ಅಗತ್ಯ ನನಗೆ ಕಾಣುವುದಿಲ್ಲ. "ಸಕ್ಕರೆ ಇಲ್ಲ" ಅಂತ ಬರೆದ ಬಾರ್‌ಗಳಲ್ಲಿ ಸಕ್ಕರೆ ಬದಲು ಮಾಲ್ಟಿಟಾಲ್ ಎಂಬ ಸಿಹಿ ಪದಾರ್ಥ ಹಾಕಿರುವುದುಂಟು. ಕೆಲವರಿಗೆ ಅದರಿಂದ ಹೊಟ್ಟೆ ಉಬ್ಬರಿಸುತ್ತದೆ, ಕೆಲವರಿಗೆ ಭೇದಿಯೇ ಆಗುತ್ತದೆ. ರೈಲಿನಲ್ಲಿ ಕೂತಿರುವಾಗ ಅದನ್ನು ಪರೀಕ್ಷೆ ಮಾಡಬೇಡಿ.

ನನ್ನ ಆಯ್ಕೆ ರಾಗಿ ಹುರಿಹಿಟ್ಟು. ನಮ್ಮ ಸೀಸನ್ ಪಾಸಿನ ಗುಂಪಿನಲ್ಲಿ ಗುಬ್ಬಿಯಿಂದ ಬರುವ ಒಬ್ಬ ಅಕ್ಕ ಇದ್ದಾರೆ. ಅವರ ಬ್ಯಾಗಿನಲ್ಲಿ ಒಂದು ಪುಟ್ಟ ಸ್ಟೀಲ್ ಡಬ್ಬಿ ಯಾವಾಗಲೂ ಇರುತ್ತದೆ. ರಾಗಿಯನ್ನು ನೆನೆಸಿ, ಆರಿಸಿ, ಕಾದ ಮರಳಿನಲ್ಲಿ ಅರಳು ಮಾಡಿ ಬೀಸಿದ ಹಿಟ್ಟು ಅದು. ಅರಳಾದಾಗಲೇ ಬೆಂದಿರುವುದರಿಂದ ಮತ್ತೆ ಒಲೆ ಬೇಡ. ಎರಡು ಚಮಚ ಹಿಟ್ಟಿಗೆ ಒಂದು ಚೂರು ಬೆಲ್ಲ, ಒಣಕೊಬ್ಬರಿ, ಏಲಕ್ಕಿ, ಒಂದಿಷ್ಟು ಬಿಸಿ ಹಾಲು. ಬೆರಳ ತುದಿಯಲ್ಲಿ ಕಲಸಿ, ಅಂಗೈಯಲ್ಲಿ ಉರುಳಿಸಿ ನನ್ನ ಕೈಗೆ ಒಂದು ಉಂಡೆ ಇಟ್ಟರು. ಇನ್ನೂ ಬೆಚ್ಚಗಿತ್ತು. ಹುರಿದ ರಾಗಿಯ ಆ ಘಮ ಯಾವ ಪೊಟ್ಟಣದಲ್ಲೂ ಸಿಗುವುದಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಸಿಹಿ ಬೇಡದವರು ಇದೇ ಹಿಟ್ಟನ್ನು ಉಪ್ಪು ಹಾಕಿದ ಮಜ್ಜಿಗೆಯಲ್ಲಿ ಕಲಸಿ ಕುಡಿಯಬಹುದು. ನಾನು ಈಗ ಹಾಗೇ ಮಾಡುತ್ತೇನೆ.

ತಂಬಿಟ್ಟು, ಎಳ್ಳುಂಡೆಯೂ ಸತ್ವದವೇ. ಒಂದು ಚಿಕ್ಕ ಉಂಡೆಗೆ ನಿಲ್ಲಿಸುವುದು ಸಾಧ್ಯವಾದರೆ ಒಯ್ಯಿರಿ. ಖರ್ಜೂರ ಎರಡು ಸಾಕು. ಅದರ ತೂಕದಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ ಆದರೂ ನಾರಿನ ಜೊತೆ ಬರುತ್ತದೆ. ಐದಾರು ಬಾದಾಮಿ ಜೊತೆ ತಿಂದರೆ ಇನ್ನೂ ನಿಧಾನ ಇಳಿಯುತ್ತದೆ.

ಪೊಟ್ಟಣದ ಮುಂದೆ ಒಂದು, ಹಿಂದೆ ಇನ್ನೊಂದು

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆದ ಮೇಲೆ ರಾಗಿ ಬಿಸ್ಕತ್ತು, ಜೋಳದ ಚಿಪ್ಸು, ನವಣೆ ಕುಕೀಸು ಎಲ್ಲ ಅಂಗಡಿಗೂ ಬಂದಿವೆ. ಒಳ್ಳೆಯದೇ. ಆದರೆ ಮುಂಭಾಗದ ತೆನೆಯ ಚಿತ್ರ ನೋಡಿ ಕೊಳ್ಳಬೇಡಿ. ನಮ್ಮ ದೇಶದ ನಿಯಮದ ಪ್ರಕಾರ ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕು. ಯಾವುದು ಮೊದಲು ಇದೆಯೋ ಅದೇ ಜಾಸ್ತಿ ಇದೆ. ರಾಗಿ ಬಿಸ್ಕತ್ತಿನ ಪಟ್ಟಿಯಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆಎಣ್ಣೆ, ನಾಲ್ಕನೆಯದಾಗಿ ರಾಗಿ ಇದ್ದರೆ ಅದು ರಾಗಿ ಬಣ್ಣದ ಮೈದಾ ಬಿಸ್ಕತ್ತು. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಅಂತ ಇದ್ದರೆ ಅವೂ ಸಕ್ಕರೆಯೇ.

ಇನ್ನೊಂದು ವಿಷಯ ಲೆಕ್ಕದವಳಾಗಿ ಹೇಳುತ್ತೇನೆ. ಎರಡು ಪೊಟ್ಟಣ ಹೋಲಿಸುವಾಗ "ಒಂದು ಸರ್ವಿಂಗ್‌ಗೆ" ಅನ್ನುವ ಅಂಕಿ ಬಿಟ್ಟು "100 ಗ್ರಾಂಗೆ" ಅನ್ನುವ ಅಂಕಿಯನ್ನೇ ನೋಡಿ. ಸರ್ವಿಂಗ್ ಅಂದರೆ ಒಂದು ಕಂಪನಿಗೆ 15 ಗ್ರಾಂ, ಇನ್ನೊಂದು ಕಂಪನಿಗೆ 30 ಗ್ರಾಂ. ಉಪ್ಪನ್ನು ಸೋಡಿಯಂ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. 400 ಮಿಲಿಗ್ರಾಂ ಸೋಡಿಯಂ ಅಂದರೆ ಸುಮಾರು 1 ಗ್ರಾಂ ಉಪ್ಪು. ಇಡೀ ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಸಾರು, ಉಪ್ಪಿನಕಾಯಿಗೇ ಅದು ಮುಗಿದಿರುತ್ತದೆ.

ಮಖಾನ ಈಗ ಎಲ್ಲರ ಬಾಯಲ್ಲೂ ಇದೆ. ಬಿಹಾರದ ಮಿಥಿಲೆಯ ಕೆರೆಗಳಲ್ಲಿ ಬೆಳೆಯುವ ಬೀಜ ಅದು, ಹುರಿದರೆ ಹಗುರ, ಗರಿಗರಿ. 100 ಗ್ರಾಂನಲ್ಲಿ ಪ್ರೋಟೀನ್ 9–10 ಗ್ರಾಂ. ಹುರಿಗಡಲೆಯಲ್ಲಿ ಅದರ ಎರಡರಷ್ಟು ಇದೆ, ಬೆಲೆ ಹಲವು ಪಟ್ಟು ಕಡಿಮೆ. ಮಖಾನ ಇಷ್ಟ ಆದರೆ ರುಚಿಗೆ ಅಂತ ತಿನ್ನಿ. ಸತ್ವಕ್ಕೆ ಅಂತ ಅಷ್ಟು ದುಡ್ಡು ಕೊಡಬೇಡಿ.

ಬೇಕರಿ ಮುಂದೆ ನಿಂತಾಗ

ಡಬ್ಬಿ ಮರೆತ ದಿನವೂ ಬರುತ್ತದೆ. ಆಗ ಅಯ್ಯಂಗಾರ್ ಬೇಕರಿಯ ಗಾಜಿನ ಹಿಂದೆ ಪಫ್ಸು ಇರುತ್ತದೆ, ಖಾರಾ ಬನ್ನು ಇರುತ್ತದೆ. ಎರಡೂ ಮೈದಾದವೇ. ಆದರೂ ನಾನು ಖಾರಾ ಬನ್ನನ್ನೇ ತೆಗೆದುಕೊಳ್ಳುತ್ತೇನೆ. ಪಫ್ಸ್ ಹಾಗೆ ಪದರ ಪದರವಾಗಿ ಏಳಬೇಕಾದರೆ ಹಿಟ್ಟಿನ ನಡುವೆ ಕೊಬ್ಬು ಸವರಿ, ಮಡಿಸಿ, ಲಟ್ಟಿಸಿ, ಮತ್ತೆ ಮಡಿಸಬೇಕು. ಅಂಗಿ ಮೇಲೆ ಉದುರುವ ಒಂದೊಂದು ಪದರದ ನಡುವೆಯೂ ಕೊಬ್ಬಿದೆ. 2022ರ ಜನವರಿಯಿಂದ ಎಣ್ಣೆ, ವನಸ್ಪತಿಯಲ್ಲಿ ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬು ಶೇಕಡಾ 2 ದಾಟುವಂತಿಲ್ಲ ಅಂತ ನಿಯಮ ಬಂದಿದೆ. ಅದರಿಂದ ಪರಿಸ್ಥಿತಿ ಸುಧಾರಿಸಿದೆ, ಆದರೆ ಕೊಬ್ಬಿನ ಪ್ರಮಾಣ ಇಳಿದಿಲ್ಲ. ಖಾರಾ ಬನ್ನು ಬ್ರೆಡ್ಡಿನ ಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪಿನದು. ಕೊಬ್ಬು ಎಷ್ಟೋ ಕಡಿಮೆ. ಬೆಣ್ಣೆ ಬಿಸ್ಕತ್ತು ಒಂದೇ ತಿನ್ನುತ್ತೇನೆ ಅಂತ ಯಾರೂ ಒಂದಕ್ಕೆ ನಿಲ್ಲಿಸಿದ್ದನ್ನು ನಾನು ನೋಡಿಲ್ಲ.

ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ನಮ್ಮ ಮನೆಯಲ್ಲಿ ಮಾಡಿದ್ದಾದರೆ ಖುಷಿಯಿಂದ ತಿನ್ನುತ್ತೇನೆ. 100 ಗ್ರಾಂಗೆ 500 ಕ್ಯಾಲೊರಿ ಆಸುಪಾಸು ಅನ್ನುವುದು ನೆನಪಿಟ್ಟುಕೊಂಡು ಎರಡನ್ನು ತಟ್ಟೆಗೆ ಹಾಕಿಕೊಂಡು ಡಬ್ಬಿ ಮುಚ್ಚುತ್ತೇನೆ. ಹೊರಗೆ ಕರಿದದ್ದು ತಿನ್ನುವಾಗ ನಾನು ನೋಡುವುದು ಬಾಣಲೆಯನ್ನು. ಎಣ್ಣೆ ಕಪ್ಪಗೆ, ಮಂದವಾಗಿ, ಮೇಲೆ ನೊರೆ ಕಟ್ಟಿ ಹೊಗೆಯಾಡುತ್ತಿದ್ದರೆ ಅದು ಹಲವು ಸಲ ಕಾಯಿಸಿದ ಎಣ್ಣೆ. ಮುಂದಕ್ಕೆ ನಡೆಯುತ್ತೇನೆ. ಪಕ್ಕದಲ್ಲೇ ಇಡ್ಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ನಮ್ಮ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಒಂದು ತಿಂದರೆ ರಾತ್ರಿ ಊಟದ ತನಕ ಯೋಚನೆ ಇಲ್ಲ.

ಹಣ್ಣಿನ ವಿಷಯ ಚಿಕ್ಕದು. ಹಣ್ಣು ತಿನ್ನಿ, ಜ್ಯೂಸ್ ಬೇಡ. ಜ್ಯೂಸ್ ಮಾಡಿ ಸೋಸಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ಒಂದೇ ಕೈಯಲ್ಲಿ ತಿನ್ನಲು, ತೊಳೆಯದೆ ತಿನ್ನಲು ಬಾಳೆಹಣ್ಣಿಗೆ ಸಾಟಿ ಇಲ್ಲ. ಯಾಲಕ್ಕಿ ಬಾಳೆ ಆದರೆ ಎರಡು, ಪಚ್ಚಬಾಳೆ ಆದರೆ ಒಂದು. ಸಕ್ಕರೆ ಕಾಯಿಲೆ ಇರುವವರಿಗೆ ಸೀಬೆಹಣ್ಣು ಉತ್ತಮ, ನಾರು ಜಾಸ್ತಿ, ವಿಟಮಿನ್ ಸಿ ಕಿತ್ತಳೆಗಿಂತ ಹಲವು ಪಟ್ಟು.

ಕುಡಿಯುವುದರಲ್ಲಿ ಮಜ್ಜಿಗೆ. ರಾತ್ರಿ ಊಟಕ್ಕೆ ಇನ್ನು ಒಂದೇ ಗಂಟೆ ಇದೆ ಅಂದರೆ ತಿಂಡಿಯೇ ಬೇಡ, ಒಂದು ಲೋಟ ಮಜ್ಜಿಗೆ ಕುಡಿದು ಮನೆಗೆ ಹೋಗಿ ಊಟ ಮಾಡಿ. ಟೀ ಬಿಡಿ ಅಂತ ನಾನು ಹೇಳುವುದಿಲ್ಲ, ನಾನೇ ಬಿಟ್ಟಿಲ್ಲ. ಸಕ್ಕರೆ ಒಂದೇ ಚಮಚಕ್ಕೆ ಇಳಿಸಿದ್ದೇನೆ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಟೀ, ಕಾಫಿ ಕುಡಿಯಬೇಡಿ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಟೀಯಲ್ಲಿರುವ ಟ್ಯಾನಿನ್ ಊಟದ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಇದನ್ನು ಕಡ್ಡಾಯವಾಗಿ ಪಾಲಿಸಿ. ಉಸ್ಲಿ ತಿಂದ ಕೂಡಲೇ ಟೀ ಕುಡಿದರೆ ನಿಂಬೆಹಣ್ಣು ಹಿಂಡಿದ್ದು ವ್ಯರ್ಥ.

ಹುರಿಗಡಲೆ ಕೊಳ್ಳುವಾಗ ಅರ್ಧ ಕಿಲೋಗಿಂತ ಜಾಸ್ತಿ ತರಬೇಡಿ. ಮಳೆಗಾಲದಲ್ಲಿ ವಾರಕ್ಕೇ ಮೆತ್ತಗಾಗುತ್ತದೆ. ಹಾಗಾದರೆ ಚೆಲ್ಲಬೇಡಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಕೈಯಾಡಿಸಿ. ಕೊನೆಯಲ್ಲಿ ಚಿಟಿಕೆ ಅರಿಶಿನ, ಚಿಟಿಕೆ ಉಪ್ಪು, ಸ್ವಲ್ಪ ಖಾರದ ಪುಡಿಯನ್ನು ಅರ್ಧ ಚಮಚ ನೀರಿನಲ್ಲಿ ಕಲಸಿ ಚಿಮುಕಿಸಿ. ಸುಯ್ ಅಂತ ಸದ್ದು ಬಂದು, ಕ್ಷಣದಲ್ಲಿ ನೀರು ಆರಿ ಖಾರ ಕಾಳಿಗೆ ಅಂಟಿಕೊಳ್ಳುತ್ತದೆ. ಒಲೆ ಆರಿಸಿ ತಟ್ಟೆಗೆ ಸುರಿಯಿರಿ. ಕೈಗೆ ಪೂರ್ತಿ ತಣ್ಣಗೆ ಹತ್ತಿದ ಮೇಲೆಯೇ ಡಬ್ಬಿಗೆ ತುಂಬಿಸಿ.